ರಬಕವಿಯ ಮಗ್ಗದ ಕುಣಿಯಲ್ಲಿ ಹಾಲೂಡಿಸಿದ್ದು

ಈ ಊರಿನಲ್ಲಿ ನಾನು ಮೊದಲು ಕಂಡ ಮನುಷ್ಯನಿಗೆ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ಕುಡಚಿ ಸ್ಟೇಷನ್ನಿನಲ್ಲಿ ರೈಲು ಇಳಿದು, ಎತ್ತಿನ ಗಾಡಿಯಲ್ಲಿ ಮೈಕೈ ನುಗ್ಗಾಗಿ ರಬಕವಿಗೆ ಬಂದು, ಬಾಡಿಗೆಗೆ ಗೊತ್ತುಮಾಡಿದ್ದ ಮನೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದೆ. ಹೊರಗಿನ ಬಿಸಿಲಿಗೆ ಕಣ್ಣು ಕತ್ತಲಿಟ್ಟಿತ್ತು. ಒಳಗೆ ನೆಲದಿಂದ ಒಬ್ಬ ಗಂಡಸು ಎದ್ದಿದ್ದ. ಎದೆ, ತೋಳು, ಮೀಸೆ, ರುಮಾಲು ಎಲ್ಲವೂ ಸರಿಯಾಗಿದ್ದವು. ಕಾಲು ಮಾತ್ರ ಇಲ್ಲ. ಆತ ನಕ್ಕು, "ಬರ್ರಿ ಮಾಸ್ತರ, ಬರ್ರಿ ಬಾಯಾರ" ಎಂದ. ನಾನು ನಮ್ಮವರ ಬೆನ್ನ ಹಿಂದೆ ಸೇರಿಕೊಂಡೆ.

ಆತ ಮನೆಯ ಯಜಮಾನ, ನೇಕಾರ ಚನ್ನಪ್ಪ. ಆತ ಕೂತಿದ್ದದ್ದು ಕುಣಿಮಗ್ಗದಲ್ಲಿ. ಕುಣಿ ಎಂದರೆ ನೆಲದಲ್ಲಿ ತೋಡಿದ ಗುಂಡಿ. ನೇಯುವವರು ಅದರ ಅಂಚಿನಲ್ಲಿ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತಾ ಅಡ್ಡ ನೂಲಿನ ಲಾಳಿಯನ್ನು ಅತ್ತಿಂದಿತ್ತ ಆಡಿಸುತ್ತಾರೆ. ಓಣಿಯ ಪ್ರತಿ ಮನೆಯಲ್ಲೂ ಒಂದೋ ಎರಡೋ ಇಂಥ ಗುಂಡಿಗಳು. ಮೈಸೂರಿನಲ್ಲಿ ನಾವು ಮನೆಯೊಳಗೆ ಹಳ್ಳ ಬಿದ್ದರೆ ಗಾರೆಯವನನ್ನು ಕರೆಸುತ್ತೇವೆ. ಇಲ್ಲಿ ಮನೆ ಎದ್ದದ್ದೇ ಹಳ್ಳದ ಸುತ್ತ.

ನಮ್ಮವರು ಇಲ್ಲಿನ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದವರು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ನನಗೆ ಹದಿನೆಂಟು. ನಮ್ಮ ಪಾಲಿಗೆ ಚನ್ನಪ್ಪನ ಮನೆಯ ಅರ್ಧ ಭಾಗ ಸಿಕ್ಕಿತ್ತು. ಮೈಸೂರಿನ ನಮ್ಮ ಹೆಂಚಿನ ಮನೆಗೆ ಮಧ್ಯದಲ್ಲಿ ತೊಟ್ಟಿ, ತೊಟ್ಟಿಗೆ ಆಕಾಶ. ಇಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ, ಅದರಲ್ಲೊಂದು ತೂತು, ಅದರಿಂದ ಬೀಳುವ ಒಂದು ತುಂಡು ಬಿಸಿಲು. ಆ ಬಿಸಿಲು ಎಲ್ಲಿದೆ ಎಂದು ನೋಡಿ ನೀಲವ್ವ ಹೊತ್ತು ಹೇಳುತ್ತಿದ್ದಳು. ನೀಲವ್ವ ಚನ್ನಪ್ಪನ ಹೆಂಡತಿ. ನಮ್ಮ ಸೀಮೆಗೆಲ್ಲ ಒಬ್ಬರೇ ಮಹಾರಾಜರು. ಇಲ್ಲಿ ಒಂದು ಬೆಳಗ್ಗೆ ನಡೆದರೆ ಎರಡು ಮೂರು ಅರಸರ ಸೀಮೆ ದಾಟಬಹುದು. ಅನ್ನ ಹಬ್ಬಕ್ಕೆ. ದಿನಾ ಜೋಳದ ರೊಟ್ಟಿ. ನಾನು ತಟ್ಟಿದ ಮೊದಲ ರೊಟ್ಟಿಯನ್ನು ನಮ್ಮವರು ಎತ್ತಿ ಹಿಡಿದು, ಈ ಊರಿನ ನಕಾಶೆಯೋ ಎಂದು ಕೇಳಿದ್ದರು.

ಕನ್ನಡವೂ ಬೇರೆ. ನಾನು 'ಚೆನ್ನಾಗಿದೆ' ಎಂದರೆ ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ಇಲ್ಲಿ ಅದು 'ಛಲೋ ಐತಿ'. ನನ್ನ ಮಾತು ಕೇಳಲೆಂದೇ ನೂಲು ಸುತ್ತುವ ರಾಟೆ ಹೊತ್ತು ಪಡಸಾಲೆಗೆ ಬಂದು ಕೂರುವವರಿದ್ದರು. ಅವರು ಹೋದ ಮೇಲೆ ನಾನು ಒಲೆಯ ಮುಂದೆ ಕೂತು ಅಳುತ್ತಿದ್ದೆ. ಕೇಳಿದರೆ ಹೊಗೆ ಎನ್ನುತ್ತಿದ್ದೆ.

ಬಸಿರಾದಾಗ ಬಹಳ ಖುಷಿಯಾದದ್ದು ಒಂದೇ ಕಾರಣಕ್ಕೆ: ಮೊದಲ ಹೆರಿಗೆಗೆ ಅಮ್ಮನ ಮನೆಗೆ ಹೋಗಬಹುದಲ್ಲ! ಪೆಟ್ಟಿಗೆಯನ್ನು ಆಗಲೇ ಜೋಡಿಸಿಟ್ಟಿದ್ದೆ. ಐದು ತಿಂಗಳಾದಾಗ ಅಮ್ಮನ ಕಾಗದ ಬಂತು. ಆಡಲಾರದೆ ಆಡಿದ ಹಾಗೆ ಕೊನೆಯ ಎರಡು ಸಾಲಿನಲ್ಲಿ ಬರೆದಿದ್ದಳು: ಅವಳಿಗೂ ಆರು ತಿಂಗಳು. ಒಂದೇ ಮನೆಯಲ್ಲಿ ತಾಯಿ ಮಗಳು ಇಬ್ಬರೂ ಬಾಣಂತಿಯರಾಗುವುದು ಬೇಡವೆಂದು ಅಜ್ಜಿ ಹೇಳಿದರಂತೆ. ನಮ್ಮ ಕಾಲದಲ್ಲಿ ಇದೇನೂ ಅಪರೂಪವಲ್ಲ, ಓದುವವರಲ್ಲಿ ಅನೇಕರು ಕಂಡಿರುತ್ತೀರಿ. ಆದರೂ ನಾನು ಆ ಕಾಗದವನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ತುರುಕಿ, ಮೇಲಿನ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದೆ. ನೀಲವ್ವ ನೋಡುತ್ತಾ ನಿಂತಿದ್ದಳು.

"ನಿಮ್ಮ ಅವ್ವ ಬರಂಗಿಲ್ಲಂದ್ರ ನಾ ಅದೇನಿ ಬಿಡ್ರಿ" ಎಂದಳು.

ಹೆರಿಗೆ ಸುಖವಾಗಿಯೇ ಆಯಿತು. ಹೆಣ್ಣುಮಗು, ಗೌರಿ. ನೀಲವ್ವ ಅಂಟಿನ ಉಂಡೆ ಕಟ್ಟಿಕೊಟ್ಟಳು, ಸಬ್ಬಸಿಗೆ ಪಲ್ಯ ಮಾಡಿಕೊಟ್ಟಳು, ದಿನಾ ಹಂಡೆಗಟ್ಟಲೆ ಬಿಸಿನೀರು ಹುಯ್ದಳು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿದಾಗ, ತಮ್ಮದೇ ಮಗ್ಗದಿಂದ ಇಳಿದ ಬಟ್ಟೆಯಲ್ಲಿ ಎರಡು ಕುಪ್ಪಸ ಹೊಲಿಸಿ ಉಡಿಗೆ ಹಾಕಿದಳು. ಇಲ್ಲಿಯ ಕುಪ್ಪಸಕ್ಕೆ ಗುಂಡಿಯಿಲ್ಲ. ಮುಂದೆ ಗಂಟು ಹಾಕಿಕೊಳ್ಳುವುದು. ಕಾಗದದ ಹಾಗೆ ಗರಿಗರಿ, ಕೆಂಪು ಅಂಚು. ನನಗಾಗಿ ಈ ಊರಿನಲ್ಲಿ ಯಾರೋ ಒಬ್ಬರು ಮಾಡಿದ ಮೊದಲ ಬಟ್ಟೆ ಅದು. ಅವತ್ತೇ ತೊಟ್ಟೆ. ಆಮೇಲೆ ಒಂದು ಬಿಚ್ಚಿದರೆ ಇನ್ನೊಂದು.

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆ. ಆದರೆ ನಾಚಿಕೆಯಿಂದಲೇ ಅಷ್ಟು ದಿನ ನೋವುಂಡವಳು ನಾನು, ಆದ್ದರಿಂದ ಬರೆಯುತ್ತೇನೆ.

ಮೊಲೆತೊಟ್ಟುಗಳು ಮೊದಲು ಕೆಂಪಾದವು, ಆಮೇಲೆ ಬಿರಿದವು. ಗೌರಿ ಬಾಯಿ ಹಾಕಿದ ಕೂಡಲೇ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತಿತ್ತು. ಸೆರಗನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಶಾಲೆಯಲ್ಲಿದ್ದಾಗ ಓದಿದ್ದ ಆರೋಗ್ಯದ ಪುಸ್ತಕದಲ್ಲಿ ಎಲ್ಲದಕ್ಕೂ ಮದ್ದು ಶುಚಿತ್ವ ಎಂದಿತ್ತು. ಹಾಗಾಗಿ ಹಾಲೂಡಿಸುವ ಮೊದಲೊಮ್ಮೆ, ಆಮೇಲೊಮ್ಮೆ ಊರಿಂದ ತಂದ ಸಾಬೂನಿನಿಂದ ತೊಳೆದೆ. ಬಿರುಕು ಇನ್ನೂ ಬಾಯಿ ಬಿಟ್ಟಿತು. ನೋವಿಗೆ ಹೆದರಿ ನಾನು ಬೇಗ ಬೇಗ ಬಿಡಿಸಿಬಿಡುವೆ. ಹೊಟ್ಟೆ ತುಂಬದೆ ಅವಳು ಬೇಗ ಬೇಗ ಅಳುವಳು. ತೊಟ್ಟಿಲಲ್ಲಿ ಅವಳು ಮಿಸುಕಿದರೆ ಸಾಕು, ನನ್ನ ಎದೆ ಡವಡವ ಎನ್ನುತ್ತಿತ್ತು. ಹೆತ್ತ ಮಗುವನ್ನು ಕಂಡು ಹೆದರಿದೆ ಎಂದು ಇಷ್ಟು ವರ್ಷವಾದ ಮೇಲೂ ಬರೆಯುವಾಗ ಕೈ ತಡೆಯುತ್ತದೆ.

ಒಂದು ದಿನ ಅವಳು ಕಕ್ಕಿದ ಹಾಲಿನಲ್ಲಿ ಕೆಂಪು ಎಳೆಯಿತ್ತು. ನಮ್ಮವರು ಕಂಡು ಗಾಬರಿಯಾದರು. ಅದು ಮಗುವಿನದಲ್ಲ, ನನ್ನದು ಎಂದು ಹೇಳಬೇಕಾಯಿತು. ಅವರು ಹೊರಗೆ ಹೋಗಿ, ಸಂಜೆಯೊಳಗೆ ಒಂದು ಆಡನ್ನು ತಂದು ಹಿತ್ತಿಲಲ್ಲಿ ಕಟ್ಟಿದರು.

"ಸಂತೆ ದಿನದ ತನಕ ನೋಡೋಣ ಕಣೇ" ಎಂದರು. "ಸರಿ ಹೋಗದಿದ್ರೆ ಮಗೂಗೆ ಆಡಿನ ಹಾಲು. ನಿಮ್ಮಣ್ಣನಿಗೆ ಬರೀತೀನಿ, ಬಂದು ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗ್ಲಿ. ನೀನು ಸೊರಗಿ ಹೋಗ್ತಿದ್ದೀಯ."

ಸಂತೆಗೆ ಆರು ದಿನವಿತ್ತು. ಎರಡು ತಿಂಗಳ ಹಿಂದೆ ಯಾರಾದರೂ 'ಊರಿಗೆ ಹೋಗು' ಎಂದಿದ್ದರೆ ಗಾಡಿಗೂ ಕಾಯದೆ ನಡೆದೇ ಹೊರಡುತ್ತಿದ್ದೆ. ಈಗ ಹೋಗುವುದು ಬೇಡವೆನಿಸಿತು. ಅಲ್ಲಿ ಅಮ್ಮ ಆಗಷ್ಟೇ ಹುಟ್ಟಿದ ನನ್ನ ತಮ್ಮನಿಗೆ ಹಾಲೂಡಿಸುತ್ತಾ ಕೂತಿರುತ್ತಾಳೆ. ಅವಳೆದುರು ನಾನು ಕೂಸಿಗೆ ಆಡಿನ ಹಾಲು ಹುಯ್ಯುವ ಬಟ್ಟಲು ಒಳಲೆ ಹಿಡಿದು ಕೂರಬೇಕು. ನನ್ನ ಕೂಸಿಗೆ ನಾನು ಸಾಲದವಳಾದೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹಿತ್ತಿಲಲ್ಲಿ ಆಡು ಅರಚಿದಾಗಲೆಲ್ಲ ಅದು ನನ್ನನ್ನೇ ಅಣಕಿಸಿದಂತಾಗುತ್ತಿತ್ತು.

ಮರುದಿನ ನೀರು ಹುಯ್ಯಲು ಬಂದ ನೀಲವ್ವ ಹಿತ್ತಿಲ ಬಾಗಿಲಲ್ಲೇ ನಿಂತಳು.

"ಆಡ ಯಾರಿಗ್ರಿ ಬಾಯಾರ?"

"ಮಗೂಗೆ."

"ಯಾಕ, ಕೂಸಿಗಿ ಅವ್ವ ಇಲ್ಲೇನು?"

ಅಷ್ಟೇ ಸಾಕಾಯಿತು. ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತೆ. ಈ ಸಲ ಹೊಗೆಯ ನೆಪ ಹೇಳಲಿಲ್ಲ. ಎಲ್ಲವನ್ನೂ ಹೇಳಿದೆ.

"ದಿನಾ ಮೈಮ್ಯಾಲ ನೀರ ಹಾಕಾಕಿ ನಾ" ಎಂದಳು. "ನನಗ ಹೇಳಾಕ ಏನಾಗಿತ್ತು?"

"ನಾಚಿಕೆಯಾಯ್ತು ನೀಲವ್ವ. ಸ್ನಾನ ಮಾಡುವಾಗಲೂ ಸೀರೆ ಮುಚ್ಕೊಂಡೇ ಇರ್ತಿದ್ದೆ."

"ನಾಚಿಕಿ ಅಂತ! ಐದ ಹಡದೇನಿ ನಾ. ತೋರಸ್ರಿ ಇಲ್ಲೆ."

ಕುಪ್ಪಸದ ಗಂಟು ಬಿಚ್ಚಿದರೂ ಅದು ಮೈ ಬಿಡಲಿಲ್ಲ. ಹಾಲು ಸೋರಿ, ಒಣಗಿ, ಬಟ್ಟೆ ಗಾಯಕ್ಕೆ ಅಂಟಿತ್ತು. ನೀಲವ್ವ ಎಳೆಯಲಿಲ್ಲ. ಬೆಚ್ಚನೆಯ ನೀರನ್ನು ಅಂಗೈಯಿಂದ ಹನಿ ಹನಿಯಾಗಿ ಬಿಟ್ಟು, ನೆನೆಸಿ, ತಾನಾಗಿ ಬಿಡುವವರೆಗೆ ಕಾದಳು. ಆಮೇಲೆ ಆ ಬಟ್ಟೆಯನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದಳು. ಅವಳ ಮುಖ ಬದಲಾಯಿತು.

"ಇದನ್ನ ಒಗದಿಲ್ಲೇನ್ರಿ?"

"ಬರೀ ನೀರಲ್ಲಿ ಅದ್ದಿ ತೆಗೆದೆ. ಹೊಸದು, ನೀವು ಕೊಟ್ಟಿದ್ದು. ತಿಕ್ಕಿ ಒಗೆದು ಗರಿ ಹೋದರೆ ನಿಮಗೆ ಬೇಜಾರಾಗುತ್ತೇನೋ ಅಂತ..."

"ಅಯ್ಯ ಶಿವನ! ಇದರಾಗ ಗಂಜಿ ಐತಿ" ಎಂದಳು. ನೇಯುವ ಮುಂಚೆ ನೂಲು ಗಟ್ಟಿಯಾಗಲೆಂದು ಅದಕ್ಕೆ ಗಂಜಿ ಕುಡಿಸುತ್ತಾರೆ; ಆ ಗರಿಗರಿ ಅದರದೇ. "ಮಗ್ಗದಿಂದ ಇಳದ ಅರಿವಿ ಮಂದಿ ಮುಂದ ತೊಟ್ಕೊಳ್ಳಾಕ. ಬಾಣಂತಿ ಮೈಗಿ ನಾವು ನೇಕಾರೂ ಹಳಿ ಅರಿವೀನ ಹಾಕತೀವಿ. ನಿಮಗ ಗೊತ್ತಿರತೈತಿ ಅಂದ್ಕೊಂಡಿದ್ದೆ." "ನಾನ ಕೊಟ್ಟು ನಾನ ನೋಯಿಸಿದಂಗ ಆತು" ಎಂದು ಕಣ್ಣೊರೆಸಿಕೊಂಡಳು. ನಾವಿಬ್ಬರೂ ಒಬ್ಬರ ಮನಸ್ಸು ಇನ್ನೊಬ್ಬರು ಕಾಯಲು ಹೋಗಿ ಮಾಡಿದ ಎಡವಟ್ಟು ಅದು.

ಆಮೇಲೆ ಮೂಗು ಅರಳಿಸಿದಳು. "ಇದೇನ ವಾಸನಿ? ಸಬಕಾರ ಹಚ್ಚತೀರೇನು?"

"ಶುಚಿಯಾಗಿಡಬೇಕು ಅಂತ ಪುಸ್ತಕದಲ್ಲಿತ್ತು."

"ಆ ಪುಸ್ತಕ ಬರದಾಂವ ಎಷ್ಟ ಹಡದಾನು?"

ಅಳುವಿನ ನಡುವೆ ನನಗೆ ನಗು ಬಂತು. ಸಾಬೂನು ಅಂದಿಗೆ ಮುಗಿಯಿತು. ದಿನಕ್ಕೊಮ್ಮೆ ಮೀಯುವಾಗ ಬೀಳುವ ಬರಿಯ ನೀರೇ ಸಾಕು ಎಂದಳು. ಆಮೇಲೆ ಗೌರಿಯನ್ನು ಎತ್ತಿ ಕೊಟ್ಟು, ಹಾಲು ಕುಡಿಸಿ ತೋರಿಸಲು ಹೇಳಿದಳು. ನಾನು ಎಂದಿನಂತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮಗುವನ್ನು ಮಡಿಲಲ್ಲಿ ಅಂಗಾತ ಮಲಗಿಸಿ, ಬಗ್ಗಿದೆ.

"ನಿಲ್ರಿ, ನಿಲ್ರಿ. ನೀವ ಯಾಕ ಬಗ್ಗತೀರಿ? ಎದಿ ತಗೊಂಡು ಕೂಸಿನ ಕಡೆ ಹೊಂಟೀರಿ. ಕೂಸಿನ್ನ ಎದಿಗಿ ತರಬೇಕು."

ನಾನು ಬಗ್ಗಿದಾಗ ಮಗು ಕತ್ತು ತಿರುಗಿಸಿ, ಜಾರುತ್ತಾ, ತುದಿಯನ್ನಷ್ಟೇ ಹಿಡಿದು ಜೋತು ಬೀಳುತ್ತಿತ್ತಂತೆ. "ಮಗ್ಗದಾಗ ನೂಲಿನ ಎಳಿ ದಿನಾ ಒಂದ ಜಾಗಾದಾಗ ಹರಿಯಾಕತ್ತಿದ್ರ ನಾವು ಎಳಿಗಿ ಮುಲಾಮ ಹಚ್ಚಂಗಿಲ್ರಿ. ಎಲ್ಲಿ ಜಗ್ಗಾಕತ್ತೈತಿ ಅಂತ ನೋಡತೀವಿ. ಏಳ್ರಿ, ನಮ್ಮ ಕಡೆ ಬರ್ರಿ."

ಅವರ ಮಗ್ಗ ಆ ದಿನ ಖಾಲಿಯಿತ್ತು. ಹಳೆಯ ಹಾಸು, ಅಂದರೆ ಉದ್ದದ ನೂಲು, ಮುಗಿದು ಹೊಸದನ್ನು ಇನ್ನೂ ಏರಿಸಿರಲಿಲ್ಲ. ಚನ್ನಪ್ಪ ಪಕ್ಕದಲ್ಲಿ ಕೂತು ಲಾಳಿ ಒರೆಸುತ್ತಿದ್ದ. ನೀಲವ್ವನ ಉದ್ದೇಶ ತಿಳಿದು ತಡವರಿಸಿದ. ಮಗ್ಗ ಅವರಿಗೆ ದೇವರು. ಅದರ ಮೇಲೆ ಹಸಿ ಬಾಣಂತಿ ಕೂರುವುದೆಂದರೆ!

"ಮೈಲಿಗಿ..." ಎಂದ.

"ಹಾಸು ಏರಸೂ ಮುಂಚೆ ಹೆಂಗೂ ಪೂಜಿ ಐತಿ. ಒರಸತೇನಿ. ನೀವು ಹೊರಗ ನಡೀರಿ" ಎಂದಳು ನೀಲವ್ವ. ಆತ ಲಾಳಿ ಹಿಡಿದುಕೊಂಡೇ ಹೊರಗೆ ಹೋದ.

"ಕುಂದ್ರು ತಂಗಿ. ಕಾಲ ಕೆಳಗ ಬಿಡು."

'ಬಾಯಾರ' ಹೋಗಿ 'ತಂಗಿ'ಯಾಗಿದ್ದೆ. ಗಮನಿಸುವಷ್ಟು ತಾಳ್ಮೆ ಆಗ ನನಗಿರಲಿಲ್ಲ. ನೇಯುವವರ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟೆ. ಕುಣಿಯ ತಳ ತಣ್ಣಗಿತ್ತು. ಪಾದ ಹಲಗೆಗೆ ಊರಿತು, ತೊಡೆ ಸಮವಾಯಿತು, ಬೆನ್ನು ಹಿಂದಿನ ಗೋಡೆಗೆ ತಾಗಿತು. ಹೆತ್ತ ಮೇಲೆ ಮೊದಲ ಸಲ ನೆಟ್ಟಗೆ ಕೂತಿದ್ದೆ. ನೀಲವ್ವ ಎರಡು ಕೌದಿಗಳನ್ನು, ಹಳೆಯ ಬಟ್ಟೆ ಸೇರಿಸಿ ಹೊಲಿದ ಹೊದಿಕೆಗಳನ್ನು, ಮಡಿಸಿ ನನ್ನ ತೊಡೆಯ ಮೇಲಿಟ್ಟು ಅದರ ಮೇಲೆ ಮಗುವನ್ನು ಮಗ್ಗುಲಾಗಿ ಮಲಗಿಸಿದಳು. ಮಗು ತಾನಾಗಿಯೇ ಎದೆಯ ಮಟ್ಟಕ್ಕೆ ಬಂತು.

"ಹೊಟ್ಟಿಗಿ ಹೊಟ್ಟಿ ಹತ್ತಲಿ. ಹಾಂ. ತುಟಿಗಿ ಹಂಗ ಸವರು. ತಡಿ, ಅವಸರ ಮಾಡಬ್ಯಾಡ, ಬಾಯಿ ಪೂರಾ ತಗೀಲಿ. ಗದ್ದ ಮೊದಲ ಮುಟ್ಟಲಿ. ಈಗ! ಈಗ ಹತ್ರ ತಗೋ!"

ಅವಳ ಅಂಗೈ ಮಗುವಿನ ಬೆನ್ನ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ನಾನು ಹಲ್ಲು ಕಚ್ಚಿ ಕಾದೆ. ಮೊದಲು ಚುರುಕ್ ಎಂದಿತು. ಹತ್ತು ಎಣಿಸುವುದರಲ್ಲಿ ಆ ಉರಿ ಇಳಿಯಿತು. ಗೌರಿಯ ಬಾಯಲ್ಲಿ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಮಟ್ಟಿಗೆ ಹೋಗಿತ್ತು. ಕೆಳತುಟಿ ಹೂವಿನೆಸಳಿನಂತೆ ಹೊರಕ್ಕೆ ಮಗುಚಿತ್ತು. ಗುಟುಕ್, ಗುಟುಕ್ ಎಂದು ನುಂಗುವ ಸದ್ದು ಕೇಳಿಸಿತು. ಅಷ್ಟು ದಿನ ಅವಳು ನನ್ನನ್ನು ಅಗಿಯುತ್ತಿದ್ದಳು. ಅವತ್ತು ಕುಡಿದಳು.

ಬಿಡಿಸುವಾಗ ಎಳೆಯಬಾರದು, ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಹಿಡಿತ ಸಡಿಲಿಸಬೇಕು ಎಂದು ತೋರಿಸಿಕೊಟ್ಟಳು. ನೋವು ಕಡಿಮೆಯಿರುವ ಕಡೆಯಿಂದ ಶುರು ಮಾಡಲು ಹೇಳಿದಳು. ಮುಗಿದ ಮೇಲೆ ಎರಡು ಹನಿ ನನ್ನ ಹಾಲನ್ನೇ ಹಿಂಡಿ ಸವರಿ, ಗಾಳಿಗೆ ಆರಲು ಬಿಟ್ಟು, ತನ್ನ ಅತ್ತೆಯ ಕಾಲದ ಹಳೆಯ ಸೀರೆ ಹರಿದು ಹೊದಿಸಿದಳು. ಬೇರೆ ಮುಲಾಮು ಇಲ್ಲ.

ಮರುದಿನವೂ ಚನ್ನಪ್ಪ ಹಾಸು ಏರಿಸಲಿಲ್ಲ. ಅದರ ಮರುದಿನವೂ ಇಲ್ಲ. ಪಕ್ಕದವರು ಕೇಳಿದರೆ, "ಗಂಜಿ ಇನ್ನಾ ಆರಿಲ್ಲ" ಎನ್ನುತ್ತಿದ್ದ. ಚೈತ್ರದ ಬಿಸಿಲು, ಒದ್ದೆ ಸೀರೆ ಹರವಿ ಒಳಗೆ ಬರುವುದರೊಳಗೆ ಒಣಗುವ ದಿನಗಳು. ನಾನು ದಿನಕ್ಕೆ ಎಂಟು ಹತ್ತು ಸಲ ಆ ಕುಣಿಯಲ್ಲಿ ಕೂತೆ. ನಾಲ್ಕನೆಯ ದಿನ ಆತ ಗುದ್ದಲಿ ಹಿಡಿದು ನಮ್ಮ ನಡುಮನೆಗೆ ಬಂದು, "ಮಾಸ್ತರ, ನಿಮ್ಮ ಕಡೆನೂ ಒಂದು ಇರ್ಲಿ" ಎಂದು ಗೋಡೆಯ ಬುಡದಲ್ಲಿ ಮೊಳಕಾಲುದ್ದದ ಗುಂಡಿ ತೋಡಿದ. ಅಂಚಿಗೆ ಸಗಣಿ ಸಾರಿಸಿ, ಕೆಳಗೆ ಪಾದ ಊರಲು ಒಂದು ಹಲಗೆ ಇಟ್ಟುಕೊಟ್ಟ. ಹೀಗೆ ರಬಕವಿಯಲ್ಲಿ ಮಗ್ಗವೇ ಇಲ್ಲದ ಕುಣಿ ಇರುವ ಒಂದೇ ಮನೆ ನಮ್ಮದಾಯಿತು. ನಮ್ಮವರು ಪುಸ್ತಕ ಓದುತ್ತಾ ಅದರಲ್ಲಿ ಎರಡು ಸಲ ಬಿದ್ದರು.

ಬಿರುಕು ಒಂದೇ ದಿನಕ್ಕೆ ಮಾಯಲಿಲ್ಲ. ಸಂತೆಯ ದಿನ ಬಂದಾಗಲೂ ಒಂದು ಕಡೆ ಸ್ವಲ್ಪ ನೋಯುತ್ತಿತ್ತು. ಆದರೆ ಅವತ್ತು ಬೆಳಿಗ್ಗೆ ಗೌರಿ ಕುಡಿದು, ತಾನಾಗಿಯೇ ಬಾಯಿ ಬಿಟ್ಟು, ಗಲ್ಲದ ಮೇಲೆ ಹಾಲಿನ ಗೆರೆಯಿಟ್ಟುಕೊಂಡು ನಿದ್ದೆ ಹೋದಳು. ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು.

"ಆಡನ್ನ ವಾಪಸು ಹೊಡ್ಕೊಂಡು ಹೋಗ್ಲಾ?" ಎಂದು ಮೆಲ್ಲಗೆ ಕೇಳಿದರು.

ಹೂಂ ಎಂದು ತಲೆಯಾಡಿಸಿದೆ.

ಅಮ್ಮನಿಗೆ ಇದನ್ನೆಲ್ಲ ಬರೆದೆ. ಅವಳ ಉತ್ತರ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. "ಏಳು ಹೆತ್ತೆ. ಪ್ರತಿ ಸಲವೂ ಮೊದಲ ಹದಿನೈದು ದಿನ ಅತ್ತುಕೊಂಡೇ ಹಾಲೂಡಿಸಿದೆ. ಅದು ಹಾಗೆಯೇ ಇರಬೇಕೆಂದುಕೊಂಡಿದ್ದೆ ಕಂದಾ." ಹಾಗಿರಬೇಕಾಗಿಲ್ಲ, ಅದನ್ನು ಹೇಳಲೆಂದೇ ನಾನು ಇಷ್ಟು ಬರೆದದ್ದು. ಆದರೆ ಎದೆ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಯಾವ ಕುಣಿಯೂ ಸಾಲದು, ಡಾಕ್ಟರನ್ನು ಕರೆಸಲೇಬೇಕು. ನೀಲವ್ವನೂ ಹಾಗೇ ಹೇಳುತ್ತಾಳೆ.

ನಾವು ಇಲ್ಲಿಗೆ ಬಂದು ಈಗ ಹದಿಮೂರು ವರ್ಷ. ನನ್ನ ಇನ್ನಿಬ್ಬರು ಮಕ್ಕಳೂ ನಡುಮನೆಯ ಕುಣಿಯಲ್ಲೇ ಹಾಲು ಕುಡಿದು ಬೆಳೆದರು. ನನ್ನ ರೊಟ್ಟಿ ದುಂಡಗಾಗಿದೆ. ಆದರೂ ಓಣಿಯಲ್ಲಿ ನಾನು 'ಮೈಸೂರಾಕಿ'ಯೇ. ನೀಲವ್ವ ಕೊಟ್ಟ ಆ ಎರಡು ಕುಪ್ಪಸಗಳು ಒಗೆದು ಒಗೆದು ಕೆಂಪಂಚು ಮಾಸಿ ಬೆಣ್ಣೆಯಂತೆ ಮೆತ್ತಗಾಗಿದ್ದವು.

ಕಳೆದ ಬೇಸಿಗೆಯಲ್ಲಿ ತಂಗಿ ಶಾರದೆಗೆ ಅಮ್ಮನ ಮನೆಯಲ್ಲಿ ಚೊಚ್ಚಲ ಹೆರಿಗೆ. ನಾನು ಆ ಕುಪ್ಪಸಗಳ ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಅವಳಿಗೆಂದು ಒಯ್ದೆ. ಹೋಗಿ ನೋಡಿದರೆ ಅವಳು ಗಾರೆ ನೆಲದ ಮೇಲೆ ಕೂತು, ಮಗುವಿನ ಮೇಲೆ ಬಗ್ಗಿ, ಸೆರಗು ಕಚ್ಚಿಕೊಂಡಿದ್ದಾಳೆ.

"ಬಗ್ಗಬ್ಯಾಡ ಬೇ!" ಎಂದು ಕೂಗಿದೆ.

ಮನೆಯವರೆಲ್ಲ ತಿರುಗಿ ನೋಡಿದರು. ಅಮ್ಮ ಬೆರಗಾಗಿ, "ಯಾವೂರ ಮಾತೇ ಇದು!" ಎಂದಳು. ನಾನು ಕುಣಿಗಾಗಿ ಸುತ್ತ ಕಣ್ಣಾಡಿಸಿದೆ. ಹುಟ್ಟಿ ಬೆಳೆದ ಮನೆ. ಗುಂಡಿಯಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ಶಾರದೆಯನ್ನು ತೊಟ್ಟಿಯ ಅಂಚಿಗೆ ಕರೆದೊಯ್ದು, ಕಂಬಕ್ಕೆ ಒರಗಿಸಿ, ಕಾಲನ್ನು ತೊಟ್ಟಿಯೊಳಗೆ ಇಳಿಬಿಡಿಸಿ, ಪಾದದಡಿಗೆ ಮಣೆ ಕೊಟ್ಟೆ. ಹೊಟ್ಟೆಗೆ ಹೊಟ್ಟೆ ತಾಗಿಸಿದೆ. ಮಗು ಬಾಯಿ ಪೂರ್ತಿ ತೆರೆಯುವವರೆಗೆ ಕಾಯಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವಳ ಭುಜ ಸಡಿಲವಾಯಿತು. ಹಲ್ಲಿನಿಂದ ಸೆರಗು ಜಾರಿತು. ಅಮ್ಮ ಬಂದು ನಮ್ಮ ಪಕ್ಕ ಕೂತಳು. ಮೂವರೂ ಕಾಲು ಇಳಿಬಿಟ್ಟುಕೊಂಡು ಕೂತೆವು.

ತಲೆಯ ಮೇಲೆ ತೊಟ್ಟಿಯಷ್ಟಗಲ ಆಕಾಶವಿತ್ತು. ಇದಕ್ಕಾಗಿಯೇ ನಾನು ಒಲೆಯ ಮುಂದೆ ಕೂತು ಎಷ್ಟೋ ದಿನ ಅತ್ತಿದ್ದೆ. ಶಾರದೆಯ ಮಗು ಗುಟುಕರಿಸುವ ಸದ್ದು ಕೇಳುತ್ತಿತ್ತು. ಅದರ ಹಿಂದೆ ಇನ್ನೊಂದು ಸದ್ದು, ಗೋಡೆಯಾಚೆ ಲಾಳಿ ಓಡುವ ಸದ್ದು, ಇರಬೇಕಾಗಿತ್ತು. ನನ್ನ ಕಿವಿ ಅದನ್ನು ಹುಡುಕಿತು, ಸಿಗಲಿಲ್ಲ. ಅಮ್ಮನ ಮನೆಯಲ್ಲಿ, ಅಮ್ಮನ ಭುಜಕ್ಕೆ ಭುಜ ತಾಗಿಸಿ ಕೂತು, ನನಗೆ ಮನೆಗೆ ಹೋಗಬೇಕೆನ್ನಿಸಿತು.